ಲಕ್ಕವ್ವನ ದಾರಿಗೊಂದು ಬ್ಲೇಡು

ಮಸಗುಪ್ಪಿಯ ಸತ್ತೆಪ್ಪನ ತೋಟದ ಮನೆಗೆ ಹೋಗುವುದನ್ನು ದಾರಿ ಎಂದು ಮೊದಲು ಕರೆದವನು ಯಾರೋ, ಅವನ ಧೈರ್ಯಕ್ಕೆ ಕೈಮುಗಿಯಬೇಕು. ಡಾಂಬರು ಬಿಟ್ಟು ಕಬ್ಬಿನ ನಡುವೆ ತಿರುಗಿದಿರೋ, ನಿಮ್ಮ ಸೊಂಟ ನಿಮ್ಮದಲ್ಲ. ಕಬ್ಬು ಕಡಿಯುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳು ಆ ಎರೆಮಣ್ಣನ್ನು ತುಳಿದು ತುಳಿದು ಮೊಣಕಾಲುದ್ದದ ಜಾಡು ಮಾಡಿಟ್ಟು ಹೋಗುತ್ತವೆ. ಬೇಸಿಗೆಯಲ್ಲಿ ಅದೇ ಜಾಡು ಒಣಗಿ ಕಲ್ಲಾಗುತ್ತದೆ. ಸತ್ತೆಪ್ಪನ ಮನೆಯ ಹಾಲು ಡೇರಿ ಮುಟ್ಟುವಷ್ಟರಲ್ಲಿ ಮಜ್ಜಿಗೆಯಾಗಿರುತ್ತದೆ ಎಂದು ಊರವರು ನಗುತ್ತಿದ್ದರು. ನಗುವವರಿಗೇನು ಕಷ್ಟ, ಅವರ ಅಕ್ಕತಂಗಿಯರು ಬಂದು ಹೋಗಲು ಬಾಗಿಲ ತನಕ ಡಾಂಬರಿತ್ತು.

ಸತ್ತೆಪ್ಪನಿಗೆ ಇದ್ದದ್ದು ಒಬ್ಬಳೇ ಅಕ್ಕ, ಲಕ್ಕವ್ವ. ತಾಯಿ ತೀರಿಕೊಂಡಾಗ ಅವನಿನ್ನೂ ಅಂಬೆಗಾಲಿಡುತ್ತಿದ್ದ. ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ತಿನ್ನಿಸಿದವಳು, ಬಗಲಲ್ಲಿ ಹೊತ್ತು ಹೊಲಕ್ಕೆ ಬುತ್ತಿ ಒಯ್ದವಳು, ಜ್ವರ ಬಂದರೆ ದೇವರಿಗೆ ಹರಕೆ ಹೊತ್ತವಳು ಅವಳೇ. ಅವನ ಹಾಲುಹಲ್ಲು ಬೀಳುವ ವಯಸ್ಸಿಗೆ ಅವಳ ಮದುವೆಯಾಯಿತು. ಕೊಟ್ಟದ್ದು ಸಂಕೇಶ್ವರಕ್ಕೆ. ಗಂಡನ ಮನೆಗೆ ಕಳಿಸುವ ದಿನ ಚಕ್ಕಡಿ ಹೊರಟಾಗ ಈ ಹುಡುಗ ಹಿಂದೆ ಓಡಿದ. ಯಾರು ಹಿಡಿದರೂ ನಿಲ್ಲಲಿಲ್ಲ. ಮನೆಯಿಂದ ಸ್ವಲ್ಪ ದೂರದಲ್ಲಿ ಬನ್ನಿ ಗಿಡದ ಬುಡಕ್ಕೆ ಒಂದು ತಗ್ಗು. ಚಕ್ಕಡಿಯ ಗಾಲಿ ಅದರಲ್ಲಿ ಸಿಕ್ಕಿಕೊಂಡಿತು. ಗಂಡಸರು ಭುಜ ಕೊಟ್ಟು ಎತ್ತುವಷ್ಟರಲ್ಲಿ ಲಕ್ಕವ್ವ ಕೆಳಗಿಳಿದು, ಬಾಸಿಂಗದ ದಾರ ಇನ್ನೂ ತಲೆಯಲ್ಲೇ ಇದ್ದಂತೆ, ತಮ್ಮನನ್ನು ಅವಚಿಕೊಂಡು ನಿಂತಳು. ‘ಪಂಚಮಿಗಿ ಬರ್ತೇನೋ ತಮ್ಮಾ, ಪಂಚಮಿಗಿ ಬಂದs ಬರ್ತೇನಿ’ ಎಂದಳು. ಗಾಲಿ ಮೇಲೆ ಬಂತು, ಅವಳು ಹೋದಳು.

ನಮ್ಮ ಕಡೆ ಪಂಚಮಿ ಎಂದರೆ ಹೆಸರಿಗೆ ನಾಗಪ್ಪನ ಹಬ್ಬ, ಖರೆ ಹೇಳಬೇಕೆಂದರೆ ಹೆಣ್ಣುಮಕ್ಕಳ ಹಬ್ಬ. ಕೊಟ್ಟ ಮಗಳು ಮುದುಕಿಯಾದರೂ ಆ ದಿನ ತವರಿನವರು ಕರೆಯಲು ಬರುತ್ತಾರೆಂದು ಬಾಗಿಲ ಕಡೆ ಕಣ್ಣಿಟ್ಟಿರುತ್ತಾಳೆ. ಲಕ್ಕವ್ವ ಆಡಿದ ಮಾತು ತಪ್ಪಲಿಲ್ಲ. ಪ್ರತಿ ವರ್ಷ ಬಂದಳು, ಬಾವಿಯ ಬಾಜೂ ಇರುವ ಬೇವಿನ ಗಿಡದ ಜೋಕಾಲಿಯಲ್ಲಿ ಕೂತಳು, ಮೊಮ್ಮಕ್ಕಳಾದ ಮೇಲೂ ನಿಂತು ಜೀಕಿದಳು. ಆಮೇಲೊಂದು ವರ್ಷ ಸಂಕೇಶ್ವರದ ಮನೆಯ ಹಿತ್ತಲಲ್ಲಿ ಕಾಲು ಜಾರಿ ಬಿದ್ದಳು. ಬೆನ್ನೆಲುಬಿನ ಆಪರೇಶನ್ ಆಯಿತು. ಆ ವರ್ಷವೂ ಹಟ ಮಾಡಿ ಕಾರಿನಲ್ಲಿ ತವರಿಗೆ ಬಂದಳು. ಈ ಹಾಳು ದಾರಿಯಲ್ಲಿ ಕಾರು ಎತ್ತಿ ಒಗೆದ ಒಗೆತಕ್ಕೆ ಹಬ್ಬವೆಲ್ಲ ಹಾಸಿಗೆಯಲ್ಲೇ ನರಳಿ ಹಿಂದಿರುಗಿದಳು. ಅಲ್ಲಿಗೆ ಅವಳಿಗೆ ತವರಿನ ದಾರಿ ಮುಚ್ಚಿತು.

ಅಂದಿನಿಂದ ಪಂಚಮಿಗೆ ಸತ್ತೆಪ್ಪನೇ ಉಂಡಿಯ ಡಬ್ಬಿ ಹಿಡಿದು ಸಂಕೇಶ್ವರಕ್ಕೆ ಹೋಗುತ್ತಿದ್ದ. ಒಂದು ವರ್ಷ ಹೋದಾಗ ಲಕ್ಕವ್ವ ಶೇಂಗಾ ಉಂಡಿಯನ್ನು ಮೂಗಿಗೆ ಹಿಡಿದು ವಾಸನೆ ನೋಡಿದಳೇ ವಿನಾ ಬಾಯಿಗೆ ಹಾಕಿಕೊಳ್ಳಲಿಲ್ಲ.

“ಬೇವಿನ ಗಿಡಕ್ಕ ಜೋಕಾಲಿ ಕಟ್ಟಿದ್ಯೇನೋ ತಮ್ಮಾ?”

“ಯಾರ ಸಲುವಾಗಿ ಕಟ್ಟಲಿ ಅಕ್ಕಾ?”

“ಹಂಗ ಅನಬ್ಯಾಡೋ. ಕಟ್ಟು. ನಾ ಜೀಕಾಕ ಆಗಲಿಲ್ಲಂದ್ರ ಬಿಡು, ಗಿಡದ ಬುಡಕ ಮಕ್ಕೊಂಡರ ನೋಡ್ತೇನಿ. ಇಲ್ಲಿ ಮಕ್ಕೊಂಡ್ರ ಬರೇ ಹೈವೇದ ಲಾರಿ ಸಪ್ಪಳ.”

ಹೊರಗೆ ಬಂದಾಗ ಮಾವ ಸಿದ್ರಾಯ ಕಟ್ಟೆಯ ಮೇಲೆ ಕೂತಿದ್ದ. ಲಕ್ಕವ್ವನ ಗಂಡ, ಸಕ್ಕರೆ ಕಾರಖಾನೆಯಲ್ಲಿ ದುಡಿದು ನಿವೃತ್ತನಾದವನು. ಮಾತು ಒರಟು, ಮನುಷ್ಯ ಒರಟಲ್ಲ.

“ಸತ್ತೆಪ್ಪ, ಬ್ಯಾಡ ಅನ್ನಾವ ನಾ ಅಲ್ಲ. ನಿಮ್ಮಕ್ಕ ಗ್ವಾಡಿ ಕಡೆ ಮುಖಾ ಮಾಡಿ ಅಳೋದು ನನಗೇನು ಕಾಣಾಂಗಿಲ್ಲೇನು? ಆದ್ರ ಇನ್ನೊಮ್ಮೆ ಅಂಥಾ ಪೆಟ್ಟ ಬಿದ್ರ ಕಾಲs ಹೋಗತಾವಂತ ಡಾಕ್ಟರ್ ಹೇಳ್ಯಾರ. ಮೊದಲ ದಾರಿ ಮಾಡು. ಆಮ್ಯಾಲ ಕರಿಯಾಕ ಬಾ.”

“ಮಾಡ್ತೇನ್ರಿ ಮಾವಾ” ಎಂದ ಸತ್ತೆಪ್ಪ. ಹೇಗೆ ಎಂದು ಅವನಿಗೂ ಗೊತ್ತಿರಲಿಲ್ಲ. ಹಿಂದೊಮ್ಮೆ ಜೆಸಿಬಿ ತರಿಸಿದ್ದ. ಅದು ಬಂದು ಉಬ್ಬನ್ನೆಲ್ಲ ಬಗೆದು ತಗ್ಗು ಮಾಡಿ, ತಗ್ಗನ್ನೆಲ್ಲ ತುಂಬಿ ಉಬ್ಬು ಮಾಡಿ, ಚಹಾ ಕುಡಿದು ಹೋಯಿತು. ಮುಂದಿನ ಹಂಗಾಮಿಗೆ ಮತ್ತೆ ಅದೇ ಹಾಡು. ಆ ದಾರಿಗೆ ಬೇಕಾದದ್ದು ವರ್ಷಕ್ಕೊಂದು ಜೆಸಿಬಿ ಅಲ್ಲ, ತಲೆ ಕೆದರಿದಾಗಲೆಲ್ಲ ಬಾಚುವ ಕೈ. ಮರಳಿ ಬರುವಾಗ ಹುಕ್ಕೇರಿಯ ಹತ್ತಿರ ರಸ್ತೆ ಕೆಲಸಕ್ಕೆಂದು ಬಸ್ಸು ನಿಂತಿತು. ಕಿಟಕಿಯಿಂದ ನೋಡುತ್ತಾನೆ, ಹಳದಿ ಬಣ್ಣದ ಉದ್ದನೆಯ ಗ್ರೇಡರ್ ಯಂತ್ರ. ಹೊಟ್ಟೆಯ ಕೆಳಗೆ ಬಾಗಿದ ಒಂದು ಬ್ಲೇಡು. ಅದು ಹೋದಲ್ಲೆಲ್ಲ ಮಣ್ಣು ಹಾಸಿಗೆ ಹಾಸಿದಂತೆ ಬೀಳುತ್ತಿತ್ತು. ಸತ್ತೆಪ್ಪ ಇಳಿದೇಬಿಟ್ಟ. ಕಂಡಕ್ಟರ್ ಬೈದ, ಬಸ್ಸು ಹೋಯಿತು. ಇವನು ಬಿಸಿಲಲ್ಲಿ ನಿಂತು ಬ್ಲೇಡಿನ ಬಾಗು ನೋಡಿದ್ದೇ ನೋಡಿದ್ದು.

ಅವನ ಬಳಿ ಒಂದು ಸಣ್ಣ ಟ್ರ್ಯಾಕ್ಟರ್ ಇತ್ತು. ಕಬ್ಬಿನ ಸಾಲಿನ ನಡುವೆ ಕಳೆ ತೆಗೆಯಲೆಂದು ಕೊಂಡದ್ದು. ಊರಲ್ಲಿ ಅದನ್ನು ಆಟಿಕೆ ಸಾಮಾನು ಎನ್ನುತ್ತಿದ್ದರು. ಅದರ ಹಿಂದೆ ಅಂಥದೊಂದು ಬ್ಲೇಡು ಕಟ್ಟಿದರೆ ಹೇಗೆ? ಹಂಗಾಮು ಮುಗಿದು ಕಬ್ಬಿನ ಗಾಡಿಗಳ ಓಡಾಟ ನಿಂತದ್ದೇ ತಡ, ಬಾವಿಯ ಹಿಂದೆ ಬಿದ್ದಿದ್ದ ಹಳೆಯ ದಪ್ಪ ಕಬ್ಬಿಣದ ಪೈಪನ್ನು ಹೇರಿಕೊಂಡು ಮೂಡಲಗಿಗೆ ಹೋದ. ಅವನ ಅಪ್ಪ ಘಟಪ್ರಭಾ ನದಿಯಿಂದ ಹೊಲಕ್ಕೆ ನೀರು ತಂದ ಪೈಪು ಅದು. ವೆಲ್ಡಿಂಗ್ ಅಂಗಡಿಯ ಕಾಶಿನಾಥ ಅದನ್ನು ಸುತ್ತಿ ಸುತ್ತಿ ನೋಡಿದ.

“ಇದನ್ನೇನ್ ಮಾಡಲಿ ಸತ್ತೆಪ್ಪಣ್ಣಾ?”

“ಉದ್ದಕ ಸೀಳು.”

“ಸೀಳಿ?”

“ಅರ್ಧಾ ನನ್ನ ಟ್ರ್ಯಾಕ್ಟರ್ ಹಿಂದ ಕಟ್ಟು.”

“ಉಳದ ಅರ್ಧಾ?”

“ದನಕ್ಕ ನೀರ ಕುಡಸಾಕ ಬಾನಿ ಆತು. ನೀ ಸೀಳೋ ಮಾರಾಯಾ, ಪ್ರಶ್ನೆ ಕೇಳಬ್ಯಾಡ.”

ಸೀಳಿದ ಪೈಪಿಗೆ ಗ್ರೇಡರಿನ ಬ್ಲೇಡಿನದೇ ಬಾಗು ಇತ್ತು. ಆದರೆ ಪೈಪಿನ ಅಂಚು ಮೆತ್ತಗೆ, ಗಟ್ಟಿ ಮಣ್ಣಿಗೆ ಬೇಗ ಸವೆದುಹೋಗುತ್ತದೆ. ಗುಜರಿ ಅಂಗಡಿಯಲ್ಲಿ ಲಾರಿಯ ಕಮಾನಿನ ಪಾಟಾ ಎನ್ನುವ ಉಕ್ಕಿನ ಪಟ್ಟಿಗಳನ್ನು ಹುಡುಕಿ ತಂದು ಕೆಳಗಿನ ಅಂಚಿಗೆ ಬೋಲ್ಟ್ ಹಾಕಿ ಕೂರಿಸಿದರು. ಸವೆದರೆ ಬಿಚ್ಚಿ ಬೇರೆ ಹಾಕಬಹುದು. ಬೆನ್ನಿಗೆ ಕಬ್ಬಿಣದ ಚೌಕಟ್ಟು ಕಟ್ಟಿ, ಟ್ರ್ಯಾಕ್ಟರಿನ ಲಿಫ್ಟಿಗೆ ಸಿಗುವಂತೆ ಕೆಳಗೆ ಎರಡು, ಮೇಲೆ ಒಂದು ಕೊಂಡಿ ಮಾಡಿದರು. ಆ ದಿನಗಳಲ್ಲಿ ಸತ್ತೆಪ್ಪನಿಗೆ ಊಟ ಎಲ್ಲಿ, ನಿದ್ದೆ ಎಲ್ಲಿ! ಸಂಜೆ ಅಕ್ಕನ ಫೋನು ಬಂದರೆ ವೆಲ್ಡಿಂಗಿನ ಸಪ್ಪಳದಲ್ಲೇ ಕಿವಿಗೊತ್ತಿ ಹಿಡಿದು ಕೂಗಾಡುತ್ತಿದ್ದ.

“ಏನೋ ಅದು ಚರ್ ಅನ್ನೋದು? ಒಗ್ಗರಣಿ ಹಾಕಾಕತ್ತೀಯೇನು?”

“ನಿನ್ನ ದಾರಿಗೆ ಒಗ್ಗರಣಿ ಹಾಕಾಕತ್ತೇನಿ ಅಕ್ಕಾ!”

ಮೊದಲ ದಿನ ದಾರಿಗಿಳಿಸಿದರೆ ಬ್ಲೇಡು ಗಟ್ಟಿ ಮಣ್ಣಿನ ಮೇಲೆ ಕಪ್ಪೆಯಂತೆ ಕುಪ್ಪಳಿಸಿಕೊಂಡು ಹೋಯಿತು. ಭಾರ ಸಾಲದು. ಸತ್ತೆಪ್ಪ ಸುತ್ತಮುತ್ತ ನೋಡಿ, ಅಡಿಗೆಮನೆಗೆ ನುಗ್ಗಿ, ಮೂಲೆಯಲ್ಲಿದ್ದ ಬೀಸುಕಲ್ಲನ್ನು ಎತ್ತಿ ತಂದು ಚೌಕಟ್ಟಿನ ಮೇಲೆ ಹಗ್ಗದಿಂದ ಬಿಗಿದ. ಹೆಂಡತಿ ಕಸ್ತೂರಿ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

“ಏನ್ರಿ, ತಲಿ ನೆಟ್ಟಗ ಐತಿಲ್ಲೋ? ಮನಿ ಬೀಸುಕಲ್ಲ ಬೀದಿಗಿ ತಂದ್ರಿ?”

“ಅಕ್ಕನ ಕೈಯಾಗಿನ ಕಲ್ಲ ಅದು. ಅಕ್ಕನ ದಾರಿಗೆ ದುಡೀಲಿ ಬಿಡು.”

ಕಸ್ತೂರಿ ಕೈಯ ಹಿಟ್ಟು ಸೆರಗಿಗೆ ಒರೆಸಿಕೊಂಡಳು. ಒಳಗೆ ಹೋಗಿ ಖಾರ ಕುಟ್ಟುವ ಕಲ್ಲನ್ನೂ ಉರುಳಿಸಿಕೊಂಡು ಬಂದಳು. ಇಂಥ ಹೆಂಡತಿ ಸಿಗಲು ಪುಣ್ಯ ಮಾಡಿರಬೇಕು, ಆದರೆ ಆ ಮಾತನ್ನು ಸತ್ತೆಪ್ಪ ಬಾಯಿಬಿಟ್ಟು ಹೇಳುವ ಪೈಕಿಯವನಲ್ಲ.

ಕಲ್ಲಿನ ಭಾರಕ್ಕೆ ಬ್ಲೇಡು ನೆಲ ಕಚ್ಚಿತು. ಸತ್ತೆಪ್ಪ ಹೋದ, ಬಂದ. ಉಬ್ಬು ಕೆರೆದ, ಜಾಡು ತುಂಬಿದ. ಬನ್ನಿ ಗಿಡದ ಬುಡದ ತಗ್ಗಿಗೆ ಬಂದಾಗ ಮಾತ್ರ ಟ್ರ್ಯಾಕ್ಟರ್ ನಿಲ್ಲಿಸಿ ಸುಮ್ಮನೆ ಕೂತ. ಅಕ್ಕ ಅವಚಿಕೊಂಡು ನಿಂತ ಜಾಗ ಅದು. ಬಿಡೋಣವೆಂದರೆ ಇಡೀ ದಾರಿಯಲ್ಲಿ ಅತಿ ಕೆಟ್ಟ ತಗ್ಗೂ ಅದೇ. ಕಣ್ಣು ಮುಚ್ಚಿ ಮಣ್ಣು ತಳ್ಳಿದ. ಮೇ ಮುಗಿಯುವ ಹೊತ್ತಿಗೆ ದಾರಿ ಎಷ್ಟು ಸಪಾಟಾಯಿತೆಂದರೆ ಗೋಲಿ ಇಟ್ಟರೂ ಉರುಳದು. ನಗುತ್ತಿದ್ದವರೂ ಬಂದು ನೋಡಿ ಹೌದು ಎಂದರು. ಸತ್ತೆಪ್ಪ ಅಕ್ಕನಿಗೆ ಫೋನು ಹಚ್ಚಿ, “ತಾಟಿನ್ಹಂಗ ಆಗೇತಿ ಅಕ್ಕಾ, ಈ ಪಂಚಮಿಗಿ ಜೋಕಾಲಿ ಕಟ್ಟತೇನಿ” ಎಂದ. ಕೂಸು ಹುಟ್ಟುವ ಮೊದಲೇ ಕುಲಾವಿ ಎಂಬಂತೆ ಲಕ್ಕವ್ವ ಆಗಲೇ ಕಸ್ತೂರಿಗೆ ಸೀರೆ ಆರಿಸಿ, ಕೈಚೀಲ ತುಂಬಿ ಹಾಸಿಗೆಯ ಬಾಜೂ ಇಡಿಸಿಕೊಂಡಳು.

ಮಳೆ ಬಂತು. ಒಳ್ಳೆಯ ಹದವಾದ ಮಳೆ, ಹೊಲಗಳೆಲ್ಲ ಕುಡಿದು ತಣ್ಣಗಾದವು. ಬೆಳಿಗ್ಗೆ ಎದ್ದು ಸತ್ತೆಪ್ಪ ದಾರಿಗೆ ಬಂದು ನೋಡಿದರೆ ದಾರಿಯೇ ಇಲ್ಲ. ಈ ತುದಿಯಿಂದ ಆ ತುದಿಯವರೆಗೆ ಒಂದೇ ಮಟ್ಟದಲ್ಲಿ ನೀರು ನಿಂತು ಆಕಾಶ ಕಾಣಿಸುತ್ತಿತ್ತು. ಕಾಲಿಟ್ಟರೆ ಮೀನಖಂಡದವರೆಗೆ ಹೂತಿತು. ಮೊದಲಾದರೆ ಜಾಡಿನಲ್ಲಿ ಮಾತ್ರ ಕೆಸರಿರುತ್ತಿತ್ತು, ಈಗ ಇಡೀ ದಾರಿಯೇ ಕೆಸರು. ಹಾಲಿನವನು ಮೋಟಾರ್‌ಸೈಕಲ್ ದೂಡಿಕೊಂಡು ಬಂದು, “ಸತ್ತೆಪ್ಪ ಕಾಕಾ, ಭತ್ತ ಹಚ್ಚಿಬಿಡ್ರಿ, ಚಲೋ ಬರ್ತೈತಿ” ಎಂದ. ಸತ್ತೆಪ್ಪನಿಗೆ ಅವನ ಕ್ಯಾನು ಕಿತ್ತು ಕಬ್ಬಿನೊಳಗೆ ಒಗೆಯಬೇಕೆನಿಸಿತು. ಒಗೆಯಲಿಲ್ಲ. ಬದುವಿನ ಮೇಲೆ ತಲೆ ಮೇಲೆ ಕೈ ಹೊತ್ತು ಕೂತ.

ಆ ಸಂಜೆ ಅಕ್ಕನ ಫೋನನ್ನು ಎತ್ತಲೋ ಬೇಡವೋ ಎಂದು ಎತ್ತಿದ. ಸುಳ್ಳು ಹೇಳಲು ನೋಡಿದ, ಆಗಲಿಲ್ಲ. ಎಲ್ಲ ಹೇಳಿಬಿಟ್ಟ. ಆ ಕಡೆ ಮೂಗೆಳೆದ ಸದ್ದು. ಅಳುತ್ತಿದ್ದಾಳೆ ಎಂದುಕೊಂಡರೆ ಲಕ್ಕವ್ವ ನಗುತ್ತಿದ್ದಳು.

“ಹುಚ್ಚಪ್ಪಾ, ಹೊಲದಾಗ ನೀರ ಕಟ್ಟೋ ಮಡಿ ಮಾಡಿದಂಗ ಮಾಡೀದಿ ನೀ! ಹುಟ್ಟಿದಾಗಿಂದ ಕಬ್ಬಿಗೆ ನೀರ ಹಾಯಿಸಿ ಹಾಯಿಸಿ, ನೀರ ಹ್ಯಾಂಗ ನಿಂದರಸಬೇಕು ಅನ್ನೋದs ನಿನ್ನ ಕೈಗೆ ಗೊತ್ತು. ದಾರ್ಯಾಗ ನೀರ ನಿಂದರಸತಾರೇನೋ? ಕಳಸಬೇಕು. ನಮ್ಮ ಮಾಳಗಿ ಮ್ಯಾಲ ಅಪ್ಪ ಮಣ್ಣ ಹಾಕತಿದ್ದದ್ದ ನೆನಪೈತಿಲ್ಲೋ? ನಡುವ ಎತ್ತರ, ಅಂಚಿಗೆ ಇಳಕಲ. ಮನಿ ಹೆಂಗೋ ದಾರೀನೂ ಹಂಗs.”

ಸತ್ತೆಪ್ಪ ಹಣೆ ಬಡಿದುಕೊಂಡ. ಹೌದಲ್ಲ! ಮಣ್ಣಿನ ಮಾಳಿಗೆಯ ಮೇಲೆ ಅಕ್ಕ ಮಣ್ಣಿನ ಬುಟ್ಟಿ ಹೊರುತ್ತಿದ್ದಳು, ಅಪ್ಪ ನಡುವೆ ಎತ್ತರಿಸಿ ಬಡಿಯುತ್ತಿದ್ದ, ಮಳೆ ಬಂದರೆ ನೀರು ಅಂಚಿಗಿಟ್ಟ ತಗಡಿನ ದೋಣಿಯಲ್ಲಿ ಹರಿದು ಅಂಗಳಕ್ಕೆ ಬೀಳುತ್ತಿತ್ತು. ಕಣ್ಣ ಮುಂದಿದ್ದದ್ದು ತಲೆಗೆ ಹೊಳೆಯಲಿಲ್ಲ. ಹಾಸಿಗೆ ಹಿಡಿದವಳಿಗೆ ಹೊಳೆಯಿತು.

“ಈ ವರ್ಷ ಆಗದಿದ್ರ ಇರ್ಲಿ ಬಿಡೋ” ಎಂದಳು ಕೊನೆಗೆ. ಆ ಮಾತು ಹೇಳುವಾಗ ಮಾತ್ರ ಅವಳ ದನಿಯಲ್ಲಿ ನಗೆಯಿರಲಿಲ್ಲ. ಬಿಡುವುದಂತೆ! ಹಾಸಿಗೆಯ ಬಾಜೂ ಇಟ್ಟ ಕೈಚೀಲವನ್ನು ಯಾರಾದರೂ ಬಿಚ್ಚಿ ಸೀರೆ ಮತ್ತೆ ಕಪಾಟಿಗೆ ಇಡುವುದನ್ನು ನೆನೆದೇ ಅವನಿಗೆ ತಡೆಯಲಾಗಲಿಲ್ಲ.

ಮರುದಿನ ಬ್ಲೇಡು ಬಿಚ್ಚಿಕೊಂಡು ಮತ್ತೆ ಮೂಡಲಗಿಗೆ ಹೋದ. ಬ್ಲೇಡು ನೇರ ನಿಂತರೆ ಮಣ್ಣನ್ನು ಮುಂದಕ್ಕೆ ತಳ್ಳುತ್ತದೆ, ಅಷ್ಟೇ. ಓರೆಯಾಗಿ ನಿಂತರೆ ಒಂದು ಬದಿಯ ಮಣ್ಣು ಉರುಳುತ್ತ ಉರುಳುತ್ತ ಇನ್ನೊಂದು ಬದಿಗೆ ಬೀಳುತ್ತದೆ. ಕಾಶಿನಾಥ ಅರ್ಧಚಂದ್ರದ ಒಂದು ತಗಡಿಗೆ ತೂತು ಕೊರೆದು ಬ್ಲೇಡಿನ ಮೇಲೆ ಕೂರಿಸಿದ. ಪಿನ್ನು ಕಿತ್ತು ಬೇರೆ ತೂತಿಗೆ ಹಾಕಿದರೆ ಬ್ಲೇಡು ಬೇಕಾದಷ್ಟು ಓರೆ. ಇನ್ನು ಉಳಿದದ್ದು ಮಣ್ಣಿನ ಹದ. ಎರೆಮಣ್ಣು ಹಸಿಯಿದ್ದರೆ ಬ್ಲೇಡಿಗೆ ಮೆತ್ತುತ್ತದೆ, ಒಣಗಿದರೆ ಹೆಂಟೆ. ನಡುವಿನ ಹದ ಬರುವುದು ಸ್ವಲ್ಪ ಹೊತ್ತು, ಅಷ್ಟರಲ್ಲೇ ಕೆಲಸ ಮಾಡಬೇಕು. ಮಳೆ ಬಿಡುವು ಕೊಟ್ಟರೆ ತಾನೇ? ದಿನಕ್ಕೆ ಹತ್ತು ಸಲ ಸತ್ತೆಪ್ಪ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಉಂಡಿ ಕಟ್ಟಿ, ಒಡೆದು, ಬೈದು, ಒಳಗೆ ಬರುತ್ತಿದ್ದ. ಇನ್ನೊಂದು ಅಡಚಣೆ: ಪಂಚಮಿಯ ದಿನ ನೆಲದೊಳಗೆ ನಾಗಪ್ಪ ಇರುತ್ತಾನೆ, ನೆಲಕ್ಕೆ ಕಬ್ಬಿಣ ತಾಗಿಸಬಾರದು. ಏನು ಮಾಡುವುದಿದ್ದರೂ ಅದರ ಹಿಂದಿನ ದಿನ ಬರುವ ರೊಟ್ಟಿ ಹಬ್ಬಕ್ಕಿಂತ ಮೊದಲೇ ಮುಗಿಯಬೇಕು.

ಕಡೆಗೆ ಬಿಸಿಲು ಬಿತ್ತು. ಸತ್ತೆಪ್ಪ ಟ್ರ್ಯಾಕ್ಟರ್ ಬಿಟ್ಟು ಇಳಿಯಲಿಲ್ಲ. ಕಸ್ತೂರಿ ರೊಟ್ಟಿಯನ್ನು ಅಲ್ಲಿಗೇ ತಂದು ಕೈಗೆ ಕೊಟ್ಟಳು. ಈ ಬದಿಯ ಮಣ್ಣನ್ನು ನಡುವಿಗೆ, ಆ ಬದಿಯದನ್ನೂ ನಡುವಿಗೆ. ಎರಡೂ ಅಂಚಿಗೆ ಸಣ್ಣ ಕಾಲುವೆ. ಮೇಲೆ ಸಣ್ಣ ಕಲ್ಲಿನ ಗರಸು ಹರಡಿ ಮತ್ತೆ ಬ್ಲೇಡು. ದಾರಿ ಆಮೆಯ ಬೆನ್ನಿನಂತೆ ಎದ್ದು ಕೂತಿತು. ಒಂದು ಮಳೆ ಬಂತು. ನೀರು ನಡುವೆ ಬಿದ್ದು, ಎರಡೂ ಕಡೆ ಇಳಿದು, ಕಾಲುವೆಯಲ್ಲಿ ಹರಿದು ಹೋಯಿತು. ಸತ್ತೆಪ್ಪ ಮಳೆಯಲ್ಲೇ ನಿಂತು ಅದು ಹೋಗುವುದನ್ನು ನೋಡಿದ.

ಇಷ್ಟಾದರೂ ಅವನಿಗೆ ಭರವಸೆ ಇಲ್ಲ. ಬಾಡಿಗೆ ಕಾರು ತರಿಸಿ, ಕಸ್ತೂರಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ತೊಡೆಯ ಮೇಲೆ ಅಂಚಿನವರೆಗೆ ತುಂಬಿದ ನೀರಿನ ಚರಗಿ ಇಟ್ಟ. ಡಾಂಬರಿನಿಂದ ಮನೆಗೆ ಬಂದಾಗ ಅವಳ ಸೀರೆ ಒದ್ದೆ. ಎಲ್ಲಿ ಚೆಲ್ಲಿತು ಎಂದು ಕೇಳಿ, ಅಲ್ಲಲ್ಲಿ ಮತ್ತೆ ಬ್ಲೇಡು ಆಡಿಸಿದ. ಮತ್ತೆ ಚರಗಿ, ಮತ್ತೆ ಒದ್ದೆ. “ನಿಮ್ಮಕ್ಕ ಬರೋದ್ರಾಗ ನನಗ ನೆಗಡಿ ಹಿಡಿಸ್ತೀರಿ ನೋಡ್ರಿ” ಎಂದು ಕಸ್ತೂರಿ ಗೊಣಗಿದಳು. ಕೊನೆಯ ಸಲ ಚರಗಿ ತುಂಬಿದ್ದು ತುಂಬಿದಂತೆಯೇ ಅಂಗಳಕ್ಕೆ ಬಂತು. ಅದೇ ನೀರನ್ನು ಸತ್ತೆಪ್ಪ ಗಟಗಟನೆ ಕುಡಿದುಬಿಟ್ಟ.

ರೊಟ್ಟಿ ಹಬ್ಬದ ದಿನ ಅವನು ಸಂಕೇಶ್ವರಕ್ಕೆ ಹೋಗಿ ಮಾವನ ಮುಂದೆ ನಿಂತ. “ದಾರಿ ಮಾಡೇನ್ರಿ. ಕರಿಯಾಕ ಬಂದೇನಿ.” ಸಿದ್ರಾಯ ಅವನ ಮುಖ ನೋಡಿದ, ಅಂಗೈಯ ಬೊಕ್ಕೆ ನೋಡಿದ, ಟೊಪ್ಪಿಗೆ ತಲೆಗೆ ಇಟ್ಟುಕೊಂಡು ಎದ್ದ.

ಕಾರಿನ ಹಿಂದಿನ ಸೀಟಿಗೆ ಗಾದಿ ಹಾಸಿ ಲಕ್ಕವ್ವನನ್ನು ಮಲಗಿಸಿದರು. ಮಾವ ಮುಂದೆ ಕೂತ. ಸತ್ತೆಪ್ಪ ಅಕ್ಕನ ಪಾದಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ಹಿಂದೆ ಕೂತ. ಮಲಗಿದವಳಿಗೆ ಕಿಟಕಿಯಲ್ಲಿ ಆಕಾಶ ಬಿಟ್ಟರೆ ಬೇರೇನೂ ಕಾಣದು. “ಹುಕ್ಕೇರಿ ಬಂತೇನೋ?” ಎಂದಳು. ಬಂತು ಎಂದ. “ಗೋಕಾಕ?” ಅದೂ ಬಂತು. ಮುಂದೆ ಅವಳ ಮಾತು ಕಡಿಮೆಯಾಯಿತು. ಕೈ ಸೀಟಿನ ಅಂಚು ಹುಡುಕಿತು.

“ತಮ್ಮಾ, ಡಾಂಬರ ಬಿಡೋ ಮುಂದ ಹೇಳೋ. ಗಟ್ಟಿ ಹಿಡ್ಕೋತೇನಿ.”

“ಹೂಂ ಅಕ್ಕಾ.”

ಕಾರು ತಿರುಗಿತು. ಸತ್ತೆಪ್ಪ ಹೇಳಲಿಲ್ಲ. ಅಕ್ಕನ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಮುಂದೆ ಕೂತ ಸಿದ್ರಾಯ ಒಮ್ಮೆ ದಾರಿ ನೋಡಿದ, ಒಮ್ಮೆ ಹಿಂತಿರುಗಿ ಹೆಂಡತಿಯನ್ನು ನೋಡಿದ. ಕಬ್ಬು ಹೋಯಿತು, ಬನ್ನಿ ಗಿಡ ಹೋಯಿತು, ಕಾರು ನಿಂತಿತು.

“ಯಾಕೋ, ಯಾಕ ನಿಂದರ್ಸಿದ್ರಿ? ಡಾಂಬರ ಮುಗೀತೇನು?” ಲಕ್ಕವ್ವ ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದಳು. “ನಡೀರಿ ಇನ್ನ. ಹಿಡ್ಕೊಂಡೇನಿ.”

ಕಸ್ತೂರಿ ಬಾಗಿಲು ತೆರೆದಳು. ಲಕ್ಕವ್ವ ಕಣ್ಣು ಬಿಟ್ಟರೆ ಆಕಾಶದ ಜಾಗದಲ್ಲಿ ಬೇವಿನ ಟೊಂಗೆ. ಟೊಂಗೆಯಿಂದ ಜೋಕಾಲಿಯ ಹೊಸ ಹಗ್ಗ.

“ಮನಿ ಬಂತ ಅಕ್ಕಾ.”

ಅವಳು ನಂಬಲಿಲ್ಲ. ಬೇವಿನ ಗಿಡ ನೋಡಿದಳು, ತಮ್ಮನ ಮುಖ ನೋಡಿದಳು. “ಬನ್ನಿ ಗಿಡದ ತಗ್ಗ ಎಲ್ಲಿ ಹೋತೋ? ಚಕ್ಕಡಿ ಆ ತಗ್ಗಿನಾಗ ಎಗರಿತಂದ್ರ ನನಗ ತವರ ಬಂತು ಅನಸ್ತಿತ್ತು. ಅದರ ದಾರಿ ಕಾಯಕೋಂತ ಮಕ್ಕೊಂಡಿದ್ದೆ ನಾ.”

“ಮುಚ್ಚಿದೆ ಅಕ್ಕಾ” ಎಂದ ಸತ್ತೆಪ್ಪ. ಎಷ್ಟು ವರ್ಷದ ಅಳು ಇತ್ತೋ, ಮಾವನ ಎದುರಿಗೇ ಬಿಕ್ಕಿಬಿಟ್ಟ. ಲಕ್ಕವ್ವ ಮಲಗಿದಲ್ಲಿಂದಲೇ ಕೈ ಚಾಚಿ, ನರೆತ ಅವನ ತಲೆಯನ್ನು ಎಳೆದು ಎದೆಗೆ ಅವಚಿಕೊಂಡಳು. ತಗ್ಗಿನಲ್ಲಿ ಚಕ್ಕಡಿ ಸಿಕ್ಕಿಕೊಂಡ ದಿನ ಅವಚಿಕೊಂಡಂತೆಯೇ.

ಹಬ್ಬ ಮುಗಿಯುವವರೆಗೆ ಅವಳು ಬೇವಿನ ಬುಡದ ಹೊರಸಿನ ಮೇಲೆ ಮಲಗಿ, ಊರ ಹೆಣ್ಣುಮಕ್ಕಳು ಬಂದು ಜೀಕುವುದನ್ನು ನೋಡಿದಳು. ಉಂಡಿಯನ್ನು ವಾಸನೆ ನೋಡಿ ಬಿಡಲಿಲ್ಲ, ತಿಂದಳು. ಹೊರಡುವ ದಿನ ಸತ್ತೆಪ್ಪ ಕಾರಿನ ಬಾಜೂ ನಡೆಯೋಣವೆಂದು ಹೊರಟ. ಹಿಂದೆ ಡಾಂಬರು ಮುಟ್ಟುವವರೆಗೆ ಚಕ್ಕಡಿಯ ಜೊತೆ ಓಡಬಹುದಿತ್ತು. ಈಗ ಎಲ್ಲಿ! ಅವನು ಬನ್ನಿ ಗಿಡ ಮುಟ್ಟುವಷ್ಟರಲ್ಲಿ ಕಾರು ಡಾಂಬರಿಗೆ ಏರಿಬಿಟ್ಟಿತ್ತು. ತಾನೇ ಮಾಡಿದ ದಾರಿ, ತರುವುದಕ್ಕೂ ನುಣ್ಣಗೆ, ಒಯ್ಯುವುದಕ್ಕೂ ನುಣ್ಣಗೆ.

ಈಗಲೂ ಒಂದು ಮಳೆ ಬಿದ್ದು ಮಣ್ಣು ಹದಕ್ಕೆ ಬಂದರೆ ಸಾಕು, ಸತ್ತೆಪ್ಪ ಬೀಸುಕಲ್ಲು ಬಿಗಿದು, ಪಿನ್ನು ಓರೆಗೆ ಹಾಕಿ ಹೊರಡುತ್ತಾನೆ. ಕಬ್ಬಿನ ಗಾಡಿಗಳು ಕೆಡಿಸುತ್ತವೆ, ಇವನು ಮತ್ತೆ ಬಾಚುತ್ತಾನೆ. ದಾರಿಯಲ್ಲಿ ಹೋಗುವವರು ನಿಂತು, “ಏನ್ ಸತ್ತೆಪ್ಪಣ್ಣಾ, ಯಾರರ ಬರಾವ್ರದಾರೇನು?” ಎಂದು ಕೇಳುತ್ತಾರೆ. ಪಂಚಮಿ ಇನ್ನೂ ಎಲ್ಲಿಯೋ ಇರುತ್ತದೆ. ಅವನು ಬ್ಲೇಡಿನ ಕಡೆಗೇ ನೋಡುತ್ತ, “ಹೂಂ, ಅಕ್ಕ ಬರ್ತಾಳ” ಎನ್ನುತ್ತಾನೆ.